ಹೆಡ್ಮೇಷ್ಟ್ರ ಮುಂದೆ ಅಂಜಿನಮ್ಮ

ಕೂತ್ಕೊಳ್ಳಲ್ಲ ಸಾರ್, ನಿಂತೇ ಹೇಳ್ತೀನಿ,
ಸೀರೆಗೆಲ್ಲ ಭಟ್ಟಿ ಮಸಿ ಐತೆ, ನಿಮ್ಮ ಕುರ್ಚಿಗೆ ಹತ್ತುತ್ತೆ.
ಆ ಹುಡುಗನ ಹಲ್ಲು ಮುರಿದದ್ದು ನಮ್ಮ ಹಾಲೇಶನೇ.
ಇಲ್ಲ ಅನ್ನಲ್ಲ.
ಹಲ್ಲಿನ ದುಡ್ಡು ವಾರಕ್ಕೆ ಇನ್ನೂರರಂತೆ ಕಟ್ತೀನಿ,
ಖಲಂದರ್ ಸಾಬ್ರು ಬಟವಾಡೆ ಕೊಡೋದು ಶನಿವಾರ.

ರಿಜಿಸ್ಟರಿನಲ್ಲಿ ಬರೆದೀರಂತೆ:
ಒರಟ, ಬೀದಿ ಅಲೆಯೋನು, ಹೇಳಿದ ಮಾತು ಕೇಳಲ್ಲ.
ನನಗೆ ಅಕ್ಷರ ಬರಲ್ಲ, ಗುಮಾಸ್ತರು ಓದಿದ್ರು.
ಕೇಳಲ್ಲ ಅನ್ನೋದೊಂದು ಸುಳ್ಳು ಸಾರ್.
ಕೇಳೋದೇ ಅವನ ಕಷ್ಟ.
ಬೈಕಿನ ಸ್ಟ್ಯಾಂಡು ಹಾಕೋ ಸದ್ದಿನಲ್ಲೇ
ಅಪ್ಪ ಎಷ್ಟು ಕುಡಿದಾನೆ ಅಂತ ಲೆಕ್ಕ ಹಿಡಿದ ಕಿವಿ ಅದು.
ಒಂದೇ ಒದೆತಕ್ಕೆ ಸ್ಟ್ಯಾಂಡು ಬಿದ್ರೆ ಬೈಗುಳ ಅಷ್ಟೇ,
ಮೂರು ಸಲ ತಡಕಾಡಿದ್ರೆ ಮಂಚದ ಕೆಳಗೆ.
ಏಳನೇ ವಯಸ್ಸಿಗೇ ಆ ಮಗ್ಗಿ ಬಾಯಿಪಾಠ.

ಅಪ್ಪ ಅಂದ್ರೆ ನನ್ನ ತಮ್ಮ, ತಿಪ್ಪೇಶಿ.
ಹೊರಗೆ ಯಾರನ್ನೂ ಏಕವಚನದಲ್ಲಿ ಕರೆದವನಲ್ಲ.
ಗೂಡ್ಸ್ ಆಟೋ ಕಂತು, ನಿಂತ ಬಾಡಿಗೆ,
ಫೈನಾನ್ಸಿನವರ ಮುಂದೆ ಕೈಕಟ್ಟಿ ನಿಂತು
ಬಾಗಿಲು ಹಾಕಿದ ಮೇಲೆ ಬೆಲ್ಟು ಬಿಚ್ಚೋನು.
ಅವನ ಹೆಂಡ್ತಿ ಟಿವಿ ಸೌಂಡು ಏರಿಸೋಳು,
ಪಕ್ಕದ ಮನೆಗೆ ಕೇಳಬಾರದು ಅಂತ.
ಈಗಲೂ ಯಾರ ಮನೇಲಿ ಟಿವಿ ಜೋರಾದ್ರೂ
ಇವನು ಅರ್ಧ ಊಟ ಬಿಟ್ಟೆದ್ದು
ಹಗೇದಿಬ್ಬ ಸರ್ಕಲ್ ದಾಟಿ ನಡೀತಾನೇ ಇರ್ತಾನೆ.
ನೀವು ಬರೆದ ಬೀದಿ ಅದೇ.

ನಾನೂ ಏನ್ ದೊಡ್ಡ ಮನುಷ್ಯಳಲ್ಲ.
ಡಬ್ಬಿಯಿಂದ ಎಂಬತ್ತು ರೂಪಾಯಿ ಕದ್ದ ದಿವಸ
ಮರಳು ತಿರುವೋ ಕಬ್ಬಿಣದ ಸೌಟು ಎತ್ತಿದೆ.
ಓಡಲಿಲ್ಲ. ಅಳಲಿಲ್ಲ.
ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ
ಗೋಡೆ ಕಡೆ ತಿರುಗಿ ನಿಂತು ಕೇಳಿದ:
'ಎಣಿಸ್ಲಾ ಅತ್ತೆ?'

ಎಣಿಸಬೇಕಿತ್ತಂತೆ ಸಾರ್, ಅಲ್ಲಿ.
ಲೆಕ್ಕ ತಪ್ಪಿದ್ರೆ ಮತ್ತೆ ಒಂದರಿಂದ.
ನಿಮ್ಮ ಗಣಿತದ ಮಿಸ್ಸಿಗೂ ಒಂದು ಮಾತು ಹೇಳಿ,
ಬೋರ್ಡಿನ ಹತ್ತಿರ ಯಾಕೆ ಬೆವರ್ತಾನೆ ಅಂತ.

ಎಂಬತ್ತು ರೂಪಾಯಿಗೆ ಏನು ತಗೊಂಡ ಗೊತ್ತಾ?
ಬಾಗಿಲಿಗೆ ಇನ್ನೊಂದು ಚಿಲಕ.

ದಾವಣಗೆರೇಲಿ ಮಂಡಕ್ಕಿ ತಿನ್ನದವರು ಯಾರಿದಾರೆ?
ಭಟ್ಟಿ ಒಳಗೆ ಬಂದು ನೋಡೀರಾ?
ಒಲೆ ಆರಿಸಿ ನಾವು ಮನೆ ಸೇರಿದ ಮೇಲೂ
ಬಾಣಲೆ ಮರಳು ಕಾದೇ ಇರುತ್ತೆ.
ನೋಡೋಕೆ ಬೂದಿ ಬಣ್ಣ, ಸುಮ್ಮನೆ ಬಿದ್ದಿರುತ್ತೆ.
ಗೊತ್ತಿಲ್ಲದೆ ಕೈ ಇಟ್ಟವರಿಗೆ ಬೊಬ್ಬೆ.
ಆ ಹುಡುಗ ತಮಾಷೆಗೇ ಬೆಲ್ಟು ಬಿಚ್ಚಿ
ಇವನ ಬೆನ್ನ ಹಿಂದೆ ಛಟೀರ್ ಅನ್ನಿಸಿದ್ದು.
ತಮಾಷೆಗೇ. ಅವನಿಗೇನು ಗೊತ್ತು ಪಾಪ.
ಇವನು ತಿರುಗಿ ಹೊಡೆದದ್ದು ಬೇರೆ ಯಾರಿಗೋ,
ಹಲ್ಲು ಮಾತ್ರ ಆ ಹುಡುಗಂದು.

ತಪ್ಪು ತಪ್ಪೇ. ಶಿಕ್ಷೆ ಕೊಡ್ರಿ, ಟಿಸಿ ಕೊಡಬೇಡ್ರಿ.
ಮೈದಾನ ಗುಡಿಸಲಿ, ಗಿಡಕ್ಕೆ ನೀರು ಹೊರಲಿ.
ತಿಪ್ಪೇಶಿ ಚಿಕ್ಕವನಿದ್ದಾಗ ನಮ್ಮಪ್ಪನೂ...
ಇರ್ಲಿ ಬಿಡ್ರಿ, ಅದು ಬೇರೆ ಕಥೆ.
ಬೇರೆ ಏನಲ್ಲ, ಇದೇ.

ರಾತ್ರಿ ಎದ್ದೆದ್ದು ಎರಡೂ ಚಿಲಕ ಮುಟ್ಟಿ ನೋಡ್ತಾನೆ.
ನಾನು ನಿದ್ದೆ ಬಂದವಳಂಗೆ ಬಿದ್ಕೊಂಡಿರ್ತೀನಿ.
ಹೊಸಾ ಚಿಲಕಕ್ಕೆ ಒಂದು ಸ್ಕ್ರೂ ಕಮ್ಮಿ,
ಗಾಳಿಗೆ ಗಡಗಡ ಅನ್ನುತ್ತೆ,
ಇವತ್ತು ಹೋಗ್ತಾ ತಗೊಂಡೇ ಹೋಗಬೇಕು.

ಅವನನ್ನ ಕರೀರಿ ಸಾರ್, ನನಗೆ ಹೊತ್ತಾಯ್ತು,
ಅಕ್ಕಿ ನೆನೆಹಾಕಿ ಬಂದೀನಿ.
ಕಿಟಕಿ ಆಚೆ ನಿಂತಾನೆ.
ಕೂಗಬೇಡ್ರಿ,
ಮೆಲ್ಲಗೆ ಅನ್ರಿ ಸಾಕು.
ಕೇಳುತ್ತೆ ಅವನಿಗೆ.